ಕುಂಕುಮ ಹಚ್ಚಿದ ನೀಲಿ ಕಾರ್ಡು

ಅಕ್ಕನ ಅತ್ತೆಯನ್ನು ನಾನೂ ಅತ್ತೆಮ್ಮ ಅಂತಲೇ ಕರೆಯುತ್ತಿದ್ದೆ. ಹಾಸನದ ಕಡೆಯವರು. ಮಗನ ಜೊತೆ ಇರೋಣವೆಂದು ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಮಿಲ್ಪಿಟಾಸಿಗೆ ಬಂದ ಎರಡನೇ ವರ್ಷ ಅವರಿಗೆ ಲಕ್ವ ಹೊಡೆದು ಎಡಗಾಲು ಸೋತಿತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಅವರ ಜೊತೆ ಎರಡು ಸಾಮಾನು ಬಂದವು: ನಾಲ್ಕು ಕಾಲಿನ ಒಂದು ವಾಕರು, ಡಾಕ್ಟರು ಸೈನು ಹಾಕಿದ ಒಂದು ಫಾರಂ. ಆ ಫಾರಂ ಕೊಟ್ಟು ಭಾವ ಒಂದು ನೀಲಿ ಕಾರ್ಡು ತಂದರು. ಗಾಲಿಕುರ್ಚಿಯ ಚಿತ್ರ, ಅದರ ಕೆಳಗೆ ನಂಬರು, ಅವಧಿ ಮುಗಿಯುವ ತಿಂಗಳು, ವರ್ಷ. ಕಾರಿನೊಳಗಿನ ಕನ್ನಡಿಗೆ ನೇತುಹಾಕಲು ಮೇಲೆ ಕೊಕ್ಕೆಯ ಹಾಗೆ ಕತ್ತರಿಸಿದ್ದರು. ಅದು ಅಲ್ಲಿ ನೇತಾಡುತ್ತಿದ್ದರೆ ಅಂಗಡಿ ಬಾಗಿಲ ಪಕ್ಕ ಅಂಗವಿಕಲರಿಗೆಂದು ನೀಲಿ ಬಣ್ಣ ಬಳಿದು ಮೀಸಲಿಟ್ಟ ಜಾಗ ನಿಮ್ಮದು. ರಸ್ತೆ ಬದಿಯ ಪಾರ್ಕಿಂಗ್ ಮೀಟರಿಗೆ ಕಾಸು ಹಾಕಬೇಕಾಗಿಲ್ಲ, ದಿನವಿಡೀ ನಿಲ್ಲಿಸಿದರೂ ಕೇಳುವವರಿಲ್ಲ.

ಡಾಟ್ ಕಾಮ್ ಕಂಪನಿಗಳು ನಾಯಿಕೊಡೆಯ ಹಾಗೆ ಏಳುತ್ತಿದ್ದ ಕಾಲ ಅದು. ಫ್ರೀವೇ ತುಂಬಿತ್ತು, ಅಪಾರ್ಟ್‌ಮೆಂಟುಗಳು ತುಂಬಿದ್ದವು, ಶನಿವಾರ ಇಂಡಿಯನ್ ಗ್ರೋಸರಿಯ ಮುಂದೆ ಕಾರು ನಿಲ್ಲಿಸಲು ಇಪ್ಪತ್ತು ನಿಮಿಷ ಸುತ್ತಬೇಕಾಗಿತ್ತು. ನನಗೂ ಬೇರೆ ಮನೆ ಸಿಗದೆ ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿದ್ದೆ. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅತ್ತೆಮ್ಮ, ಅಕ್ಕ, ಭಾವ, ಅವರ ಆರು ವರ್ಷದ ಮಗಳು, ನಾನು.

ಮೊದಮೊದಲು ಕಾರ್ಡನ್ನು ಅತ್ತೆಮ್ಮನ ಜೊತೆಗೇ ಬಳಸುತ್ತಿದ್ದೆವು. ಅಂದರೆ, ಅತ್ತೆಮ್ಮನನ್ನು ಕಾರ್ಡಿನ ಜೊತೆಗೆ. ಭಾವ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬಾಗಿಲ ಪಕ್ಕದ ಜಾಗದಲ್ಲಿ ನಿಲ್ಲಿಸುವರು. ನಾವೆಲ್ಲ ಇಳಿದು ಒಳಗೆ ಹೋಗುವೆವು. ಅತ್ತೆಮ್ಮ ಕಿಟಕಿಯನ್ನು ನಾಲ್ಕು ಬೆರಳು ಇಳಿಸಿಕೊಂಡು ಒಳಗೇ ಕೂತಿರುವರು.

"ಅಮ್ಮ ಕಾರಲ್ಲಿದ್ದಾರಲ್ಲ, ಎಲ್ಲಾ ಕಾನೂನು ಪ್ರಕಾರ," ಅನ್ನುವರು ಭಾವ.

"ಹೂಂ, ದೃಷ್ಟಿಬೊಂಬೆ ಕೂರ್ಸ್ದಂಗೆ ಕೂರ್ಸ್ಬುಟ್ಟವ್ನೆ ನನ್ನ," ಅನ್ನುವರು ಅತ್ತೆಮ್ಮ. "ಮಡಕೆಗೆ ಮೀಸೆ ಬರೆದು ನನ್ನ ತಲೆ ಮೇಲಿಟ್ಬುಟ್ರೆ ಸರೋಯ್ತದೆ."

ಎಲ್ಲರೂ ನಗುತ್ತಿದ್ದೆವು. ಆಮೇಲಾಮೇಲೆ ಅವರನ್ನು ಹತ್ತಿಸಿ ಇಳಿಸುವುದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ ಎಂದು ಕಾರ್ಡು ಒಂದೇ ಹೋಗತೊಡಗಿತು. ಅಕ್ಕ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಡುವಾಗ, ಭಾವ ಕ್ಷೌರಕ್ಕೆ ಹೋಗುವಾಗ. ಒಮ್ಮೆ ಕನ್ನಡದವರ ದೀಪಾವಳಿ ಊಟಕ್ಕೆ ಹೋದಾಗ ಪರಿಚಯದವರೊಬ್ಬರು ಭಾವನನ್ನು ನೋಡಿ, "ಏನ್ ಸಾರ್, ಕಾಲು ಉಳುಕಿತಾ? ನಿನ್ನೆ ಟೆನಿಸ್ ಆಡ್ತಿದ್ರಲ್ಲ," ಅಂದರು. ಭಾವ ನಕ್ಕು, "ಖಾಲಿ ಬಿದ್ದಿರೋ ಜಾಗ ಸಾರ್, ಯಾರಿಗೇನು ನಷ್ಟ," ಅಂದರು. ನಾನು ಅಂದು ಅನ್ನ ಅರ್ಧಕ್ಕೇ ಬಿಟ್ಟು ಎದ್ದೆ. ನಾಚಿಕೆಯಿಂದ ಅಲ್ಲ. ಅದು ಭಯ.

ಆ ಭಯದ ಬೇರು ಹೇಳಬೇಕಾದರೆ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ಮಂಡ್ಯದಲ್ಲಿ ಕೋರ್ಟಿನ ಎದುರು ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ವಕೀಲರ ಕರಿ ಕೋಟುಗಳೆಲ್ಲ ಅವರ ಕೈ ಮೇಲೆಯೇ ಹಾದು ಹೋಗುತ್ತಿದ್ದವು. "ಕೋಟು ಇಸ್ತ್ರಿ ಮಾಡಿ ಕಳಿಸ್ಬೌದು ಕಣವ್ವ, ಅದರ ಮುಂದೆ ಮಾತ್ರ ನಿಂತ್ಕೋಬಾರ್ದು," ಅನ್ನುತ್ತಿದ್ದರು. ಅವರಿಗೆ ಓದು ಬರದು. ಹೆಬ್ಬೆಟ್ಟು ಒತ್ತುತ್ತಿದ್ದವರಿಗೆ ಸೈನು ಹಾಕುವುದನ್ನು ಕಲಿಸಿದವಳು ಏಳನೇ ಕ್ಲಾಸಿನಲ್ಲಿದ್ದ ನಾನು. ಅಕ್ಕ ಪಿಯುಸಿಗೇ ಬಿಟ್ಟಳು. ಇಡೀ ಬಳಗದಲ್ಲಿ ಡಿಗ್ರಿ ತೆಗೆದುಕೊಂಡವಳು ನಾನೊಬ್ಬಳೇ. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗು, ಅದೂ ಫಸ್ಟ್ ಕ್ಲಾಸು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಆದರೆ ಹಾಗೆ ಕಷ್ಟಪಟ್ಟು ಪಡೆದದ್ದನ್ನೆಲ್ಲ ಯಾರೋ ಒಬ್ಬ ಯೂನಿಫಾರಂ ಹಾಕಿದವನು ಒಂದು ದಿನ ಬಂದು ವಾಪಸು ಕೇಳುತ್ತಾನೆ ಎಂಬ ಹೆದರಿಕೆ ಮಾತ್ರ ಸದಾ ಜೊತೆಗಿತ್ತು.

ಆ ವರ್ಷ ಆ ಹೆದರಿಕೆಗೆ ಒಂದು ಕಾಗದವೂ ಸಿಕ್ಕಿತ್ತು. ನಾಲ್ಕು ವರ್ಷ ಕಾದ ಮೇಲೆ ನನ್ನ ಗ್ರೀನ್ ಕಾರ್ಡಿನ ಕೊನೆಯ ಅರ್ಜಿ ಕೈಗೆ ಬಂದಿತ್ತು. ಕಂಪನಿಯ ವಕೀಲರು ಕಳಿಸಿದ ಫಾರಮ್ಮಿನ ಮೂರನೇ ಪುಟದಲ್ಲಿ ಒಂದು ಪ್ರಶ್ನೆ: ಯಾವುದಾದರೂ ಕಾನೂನು ಮುರಿದದ್ದಕ್ಕೆ ನಿಮ್ಮನ್ನು ಎಂದಾದರೂ ಹಿಡಿದಿದ್ದಾರಾ, ಆರೋಪ ಹೊರಿಸಿದ್ದಾರಾ, ದಂಡ ಹಾಕಿದ್ದಾರಾ? ಹೌದು, ಇಲ್ಲ ಎಂದು ಎರಡು ಚೌಕ. ನಾನು 'ಇಲ್ಲ' ಚೌಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ ಇಟ್ಟುಕೊಂಡಿದ್ದೆ. ಉಳಿದದ್ದನ್ನೆಲ್ಲ ತುಂಬಿ ಕೊನೆಗೆ ಪೆನ್ನಿನಲ್ಲಿ ಬರೆಯೋಣ ಅಂತ.

ನನ್ನ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೇ ಗೋದಾಮಿನ ಮೂರನೇ ಮಹಡಿಯಲ್ಲಿತ್ತು. ಮನೆಯ ಸಾಮಾನುಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ಒಂದು ಪೆಟ್ಟಿಗೆ ಮಾಡುತ್ತಿದ್ದರು. ಪೆಟ್ಟಿಗೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಆ ಶುಕ್ರವಾರ ಮಾತ್ರ ಪೆಟ್ಟಿಗೆಯನ್ನು ಮನೆಗೆ ತಂದಿದ್ದೆ. ಸೋಮವಾರ ಹತ್ತು ಗಂಟೆಗೆ ದುಡ್ಡು ಹಾಕುವವರು ಬಂದು ಅದನ್ನು ನೋಡುವವರಿದ್ದರು.

ಭಾನುವಾರ ನಮ್ಮ ಮನೆಯಲ್ಲಿ ಆಯುಧಪೂಜೆ. ಪಂಚಾಂಗದಲ್ಲಿ ಅದು ಯಾವ ವಾರವೇ ಇರಲಿ, ಇಲ್ಲಿ ಹಬ್ಬಗಳೆಲ್ಲ ಭಾನುವಾರಕ್ಕೆ ಜಾರುತ್ತವೆ. ಗರಾಜಿನಲ್ಲಿ ಚಾಪೆ ಹಾಕಿ ಭಾವನ ಲ್ಯಾಪ್‌ಟಾಪು, ಅಕ್ಕನ ಈಳಿಗೆಮಣೆ, ಮಿಕ್ಸಿ, ಮಗುವಿನ ಕಲರ್ ಪೆನ್ಸಿಲ್ಲು, ಕರೆಂಟು ಅಳೆಯುವ ನನ್ನ ಮೀಟರು, ಕಂಪನಿಯ ಪೆಟ್ಟಿಗೆ ಎಲ್ಲ ಜೋಡಿಸಿದ್ದೆವು. ಅತ್ತೆಮ್ಮ ಕುರ್ಚಿಯಲ್ಲಿ ಕೂತು ಒಂದೊಂದಕ್ಕೂ ಗಂಧ ಹಚ್ಚಿ ಕುಂಕುಮ ಇಡುತ್ತಿದ್ದರು. ಎಲ್ಲ ಮುಗಿದ ಮೇಲೆ, "ನಂದು ಮರೆತ್ರಲ್ಲ," ಅಂದರು.

"ನಿಮ್ದೇನು ಅತ್ತೆಮ್ಮ, ವಾಕರಾ? ಅದಕ್ಕೂ ಇಟ್ಟಾಯ್ತಲ್ಲ."

"ಆ ನೀಲಿ ಕಾರ್ಡ್ ತಂದ್ಕೊಡು ಮಗ. ಈ ದೇಶದಲ್ಲಿ ನನ್ನ ಹೆಸರಲ್ಲಿರೋದು ಅದೊಂದೇ ಅಲ್ವ. ನನ್ನ ಆಯುಧ."

ನಾನೇ ತಂದುಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಗಂಧ ಹಚ್ಚಿ, ಅದರ ಮೇಲೆ ಇಷ್ಟಗಲ ಕುಂಕುಮ ಇಟ್ಟರು. ಕಣ್ಣು ಸರಿಯಾಗಿ ಕಾಣದ್ದರಿಂದ ಮಧ್ಯಕ್ಕೆ ಇಡಬೇಕೆಂದದ್ದು ಕೆಳಗೆ ಇಳಿದು, ವರ್ಷದ ಅಂಕೆಗಳ ಮೇಲೆ ಕೂತಿತು. ಯಾರೂ ಗಮನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಕಂಪನಿಯ ಪೆಟ್ಟಿಗೆ ಕೈಗೆತ್ತಿಕೊಂಡೆ. ಕುಂಕುಮ ಬಟನ್ನುಗಳ ಸಂದಿಗೆಲ್ಲ ಇಳಿದಿತ್ತು. ಹತ್ತಿ, ಸ್ಪಿರಿಟ್ಟು ತಗೊಂಡು ಮುಕ್ಕಾಲು ಗಂಟೆ ಒರೆಸಿದೆ. ರೈಲು ತಪ್ಪಿತು. ಪೆಟ್ಟಿಗೆ ಹೊತ್ತು ಬಸ್ಸು ಹಿಡಿಯುವ ಹಾಗಿಲ್ಲ. ಕಾರಿನಲ್ಲೇ ಹೋಗಬೇಕು. ಆದರೆ ಸಿಟಿಯಲ್ಲಿ ಎಲ್ಲಿ ನಿಲ್ಲಿಸುವುದು? ನನ್ನ ಪರದಾಟ ನೋಡಿ ಅಕ್ಕ ವ್ಯಾನಿನಿಂದ ಕಾರ್ಡು ತಂದು ನನ್ನ ಕಾರಿನ ಸೀಟಿನ ಮೇಲೆ ಹಾಕಿದಳು.

"ತಗೊಂಡ್ ಹೋಗೆ. ಅತ್ತೆ ಡಾಕ್ಟರ ಹತ್ರ ಹೋಗೋದು ನಾಳೆ ತಾನೇ."

"ಬೇಡ ಕಣೆ, ನಂಗೆ ಹೆದರಿಕೆ."

"ನಿಂಗೆ ಯಾವುದಕ್ಕೆ ಹೆದರಿಕೆ ಇಲ್ಲ ಹೇಳು. ಹೋಗು, ಹೊತ್ತಾಗುತ್ತೆ."

ಅತ್ತೆಮ್ಮ ಸ್ನಾನಕ್ಕೆ ಹೋಗಿದ್ದರು. ಅವರನ್ನೊಂದು ಮಾತು ಕೇಳಬೇಕೆಂದು ನಮ್ಮಿಬ್ಬರಿಗೂ ಅನ್ನಿಸಲಿಲ್ಲ. ಪೆಟ್ಟಿಗೆಯನ್ನು ಮೂರು ಸಲ ಒರೆಸಿದವಳು ಕಾರ್ಡನ್ನು ಒಮ್ಮೆಯೂ ಒರೆಸಲಿಲ್ಲ.

ಆಫೀಸಿನ ಎದುರಿಗೇ ಮೀಟರಿನ ಜಾಗ ಸಿಕ್ಕಿತು. ಕನ್ನಡಿಗೆ ಕಾರ್ಡು ನೇತುಹಾಕಿದೆ. ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡಿತು. ಬಂದವರು ಕೈ ಕುಲುಕಿದರು. ನಾಲ್ಕು ಗಂಟೆಗೆ ಖುಷಿಯಲ್ಲೇ ಮೆಟ್ಟಿಲಿಳಿದು ಬಂದೆ.

ನನ್ನ ಕಾರಿನ ಹಿಂದೆ ಪಾರ್ಕಿಂಗ್ ಇಲಾಖೆಯ ಗಾಡಿ ನಿಂತಿತ್ತು, ನಮ್ಮೂರ ಆಟೋದಂಥ ಮೂರು ಗಾಲಿಯ ಪುಟ್ಟ ಗಾಡಿ. ಯೂನಿಫಾರಂ ಹಾಕಿದ ಹೆಂಗಸೊಬ್ಬಳು ಮುಂದಿನ ಗಾಜಿಗೆ ಮುಖ ಹತ್ತಿರ ತಂದು, ಅಂಗೈಯಿಂದ ಬೆಳಕು ಮರೆ ಮಾಡಿಕೊಂಡು ಒಳಗೆ ನೋಡುತ್ತಿದ್ದಳು. ನಾನು ಅಲ್ಲೇ ನಿಂತೆ. ಹಾಗೇ ಹಿಂದೆ ತಿರುಗಿ ಮೆಟ್ಟಿಲು ಹತ್ತಿದ್ದರೆ ಏನಾಗುತ್ತಿತ್ತೋ. ಆದರೆ ಕೈಯಲ್ಲಿದ್ದ ಕಾರಿನ ಕೀಲಿ ಅವಳಿಗೆ ಕಂಡಿತ್ತು.

"ಈ ಕಾರು ನಿಮ್ಮದಾ? ಆ ಕಾರ್ಡು ಸ್ವಲ್ಪ ಕೊಡಿ," ಅಂದಳು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ವಾಸಿಯಿತ್ತು.

ಕೊಟ್ಟೆ. ಅವಳು ವರ್ಷದ ಜಾಗವನ್ನು ಬೆಳಕಿಗೆ ಹಿಡಿದಳು. ಅವಧಿ ಮುಗಿದ ಕಾರ್ಡಿನ ಅಂಕೆ ತಿದ್ದಿ ಓಡಾಡುವವರು ಆಗ ಬೇಕಾದಷ್ಟಿದ್ದರಂತೆ. ಆಮೇಲೆ ತಿಳಿಯಿತು.

"ಈ ಕೆಂಪು ಏನು? ಬಣ್ಣವಾ?"

"ಪುಡಿ. ಪೂಜೆ ಮಾಡಿದ್ದು."

"ಕಾರ್ಡಿಗೆ ಪೂಜೆಯಾ?"

ನಾನು ತಲೆಯಾಡಿಸಿದೆ. ಅವಳು ಉಗುರಿನಿಂದ ಕುಂಕುಮ ಕೆರೆದಳು. ಕೆಳಗೆ ವರ್ಷ ಸರಿಯಾಗಿಯೇ ಇತ್ತು. ಒಂದು ಕ್ಷಣ ಬದುಕಿದೆ ಅಂದುಕೊಂಡೆ. ಕಾರ್ಡಿನ ಜೊತೆ ಇರಬೇಕಾದ, ಅದು ಯಾರದೆಂದು ತೋರಿಸುವ ಚೀಟಿ ಕೇಳಿದಳು. ಅದು ಅತ್ತೆಮ್ಮನ ಸಂಚಿಯಲ್ಲಿತ್ತು.

"ಇದು ಯಾರ ಕಾರ್ಡು?"

"ನಮ್ಮ ಅತ್ತೆಯದು."

"ಅವರೆಲ್ಲಿ?"

"ಡಾಕ್ಟರ ಹತ್ತಿರ," ಅಂದೆ. ಪಕ್ಕದ ಕಟ್ಟಡ ತೋರಿಸಿದೆ. ಅದರಲ್ಲಿ ಡಾಕ್ಟರಿದ್ದಾರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

"ಎಷ್ಟು ಹೊತ್ತಾಗುತ್ತೆ?"

"ಹತ್ತು ನಿಮಿಷ."

"ಸರಿ, ಕಾಯೋಣ," ಅಂದು ಅವಳು ತನ್ನ ಗಾಡಿಗೆ ಒರಗಿ ನಿಂತಳು.

ಕಾದೆವು. ನಾನು ಆ ಕಟ್ಟಡದ ಬಾಗಿಲು ನೋಡುತ್ತಾ ನಿಂತೆ. ಗಾಜಿನ ಬಾಗಿಲು ತೆರೆದಾಗಲೆಲ್ಲ ಅತ್ತೆಮ್ಮ ವಾಕರು ಹಿಡಿದುಕೊಂಡು ಹೊರಗೆ ಬಂದೇಬಿಡುತ್ತಾರೆ ಅಂತ ನನಗೇ ಅನ್ನಿಸುತ್ತಿತ್ತು. ಮೂರನೇ ಪುಟದ ಆ ಎರಡು ಚೌಕಗಳು ಕಣ್ಣ ಮುಂದೆ ಬಂದವು. ಆಮೇಲೆ ಅಪ್ಪನ ಇಸ್ತ್ರಿ ಮೇಜು, ಅದರ ಮೇಲೆ ತೋಳು ಚಾಚಿ ಮಲಗಿದ ಕರಿ ಕೋಟು. ಹತ್ತು ನಿಮಿಷ ಆಯಿತು, ಹದಿನೈದಾಯಿತು.

"ಅವರು ಬರಲ್ಲ," ಅಂದೆ.

ಅವಳು ನನ್ನ ಲೈಸೆನ್ಸು ತೆಗೆದುಕೊಂಡು ಟಿಕೆಟ್ಟು ಬರೆದಳು. ಕಾರ್ಡನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲೆ ನಂಬರು ಬರೆದಳು. ಬೆರಳಿಗೆ ಹತ್ತಿದ ಕುಂಕುಮವನ್ನು ಪ್ಯಾಂಟಿಗೆ ಒರೆಸಿಕೊಂಡಳು. "ಒಪ್ಪಿಗೆ ಇಲ್ಲದಿದ್ದರೆ ವಿಚಾರಣೆ ಕೇಳಬಹುದು. ಆಗ ಕಾರ್ಡಿನವರನ್ನೂ ಕರೆದುಕೊಂಡು ಬನ್ನಿ," ಅಂದಳು.

ಮನೆಗೆ ಹೋಗಿ ಹೇಳಿದಾಗ ಭಾವ ಮೊದಲು ಕೇಳಿದ್ದು, "ನೀನ್ಯಾಕಮ್ಮ ಒಪ್ಕೊಂಡೆ?"

"ಬರಲ್ಲ ಅಂತ ಅಷ್ಟೇ ಅಂದೆ."

"ಅಷ್ಟೇ ತಾನೇ? ಹಾಗಾದ್ರೆ ಒಳಗಿದ್ರು, ಇನ್ನೂ ತಡ ಆಗ್ತಿತ್ತು, ಅದಕ್ಕೆ ಬರಲ್ಲ ಅಂದೆ. ವಿಚಾರಣೆ ಕೇಳು. ಅಮ್ಮ ಬಂದು ಒಂದು ಮಾತು ಹೇಳಿದ್ರೆ ಟಿಕೆಟ್ಟೂ ಹೋಯ್ತು, ನಿನ್ನ ಫಾರಮ್ಮೂ ಉಳೀತು, ಕಾರ್ಡೂ ವಾಪಸು ಬಂತು."

ಮೇಜಿನ ಆ ತುದಿಯಲ್ಲಿ ಬಣ್ಣ ಹಚ್ಚುತ್ತಿದ್ದ ಮಗು ತಲೆಯೆತ್ತದೆ ಅಂದಿತು: "ಬಟ್ ಅಜ್ಜಿ ವಾಸ್ ವಿತ್ ಮಿ. ವಿ ಏಟ್ ಉಪ್ಪಿಟ್ಟು."

ಅಕ್ಕ ಎದ್ದು ಹೋಗಿ ಮಗುವಿನ ತಲೆ ಸವರಿ, "ಮೇಲೆ ಹೋಗಿ ಆಡ್ಕೋ ಪುಟ್ಟಿ," ಅಂದಳು. ಪಕ್ಕದ ಕೋಣೆಯಲ್ಲಿ ಅತ್ತೆಮ್ಮನ ಟೀವಿ ಸದ್ದು ಕೇಳುತ್ತಿತ್ತು. ಅವರಿಗೆ ಈಗಲೇ ಹೇಳುವುದು ಬೇಡ ಎಂದು ತೀರ್ಮಾನವಾಯಿತು.

ಮಾರನೇ ದಿನ ಅವರನ್ನು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಬಾಗಿಲ ಪಕ್ಕದ ನೀಲಿ ಜಾಗಗಳಲ್ಲಿ ಎರಡು ಖಾಲಿ ಇದ್ದವು. ಅಲ್ಲಿ ನಿಲ್ಲಿಸುವ ಹಾಗಿಲ್ಲ. ಅತ್ತೆಮ್ಮನನ್ನು ಬಾಗಿಲಲ್ಲಿ ಇಳಿಸಿ, ಬೆಂಚಿನ ಮೇಲೆ ಕೂರಿಸಿ, "ಎರಡೇ ನಿಮಿಷ ಅತ್ತೆಮ್ಮ, ಇಲ್ಲೇ ಕೂತಿರಿ," ಎಂದು ಕಾರು ತೆಗೆದುಕೊಂಡು ಹೋದೆ. ಪಾರ್ಕಿಂಗ್ ಕಟ್ಟಡದ ಮೇಲಿನ ಮಹಡಿವರೆಗೂ ತುಂಬಿತ್ತು. ಜಾಗ ಸಿಕ್ಕಿ ಓಡಿ ಬರುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು.

ಅವರು ಬೆಂಚಿನಿಂದ ಎದ್ದು ನಿಂತಿದ್ದರು. ಇಬ್ಬರು ನರ್ಸುಗಳು ಮುಂದೆ ಬಗ್ಗಿ ಏನೋ ಕೇಳುತ್ತಿದ್ದರು. ಅತ್ತೆಮ್ಮ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ವಾಕರು ಬಿಟ್ಟು ನನ್ನ ತೋಳು ಹಿಡಿದುಕೊಂಡರು. ಆ ಹಿಡಿತದ ಗುರುತು ಸಂಜೆವರೆಗೂ ಇತ್ತು.

"ಎಲ್ಲೋಗಿದ್ದೆ ಮಗ? ಏನೇನೋ ಕೇಳ್ತಾವ್ರೆ. ನಿಂಗೇನೋ ಆಗೋಯ್ತು ಅನ್ಕಂಡೆ. ಊರ್ ಹೆಸರು ಹೇಳೋಣ ಅಂದ್ರೆ ಈ ಊರ್ ಹೆಸರೇ ಬಾಯಿಗ್ ಬರ್ಲಿಲ್ಲ."

ಒಳಗೆ ಹೋಗಿ ಕೂತ ಮೇಲೆ, ಉಸಿರು ಹತೋಟಿಗೆ ಬಂದ ಮೇಲೆ, "ಕಾರ್ಡೆಲ್ಲಿ?" ಎಂದು ಕೇಳಿದರು.

ಹೇಳಿದೆ. ಮೀಟರು, ಆ ಹೆಂಗಸು, ಕೆಂಪು ಪುಡಿ, ಪ್ಲಾಸ್ಟಿಕ್ ಚೀಲ. ಬೈಯುತ್ತಾರೆ ಅಂದುಕೊಂಡಿದ್ದೆ.

"ಕುಂಕುಮ ಇಟ್ಟೋಳು ನಾನೇ ಅಲ್ವ. ನನ್ನಿಂದ್ಲೇ ಆಗೋಯ್ತು ನೋಡು," ಅಂದರು.

ನಿಮ್ಮಿಂದಲ್ಲ ಅತ್ತೆಮ್ಮ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಅವರು ಹಾಗೆ ಅಂದುಕೊಂಡರೆ ವಿಚಾರಣೆಗೆ ಬರಲು ಒಪ್ಪುತ್ತಾರೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಆಗಲೇ ಓಡಿತ್ತು.

ವಿಚಾರಣೆಯ ಕಾಗದ ಬರಲು ಏಳು ವಾರ ಹಿಡಿಯಿತು. ಆ ಏಳು ವಾರ ನಾನು ಹೇಗಿದ್ದೆ ಅಂತ ಕೇಳಬೇಡಿ. ಕಿಟಕಿ ಕವರಿನ ಪತ್ರ ಕಂಡರೆ ಸರ್ಕಾರದ್ದೇ ಇರಬೇಕೆಂದು ಒಡೆಯಲು ಹೆದರುತ್ತಿದ್ದೆ. ಫ್ರೀವೇಯಲ್ಲಿ ಹಿಂದೆ ಪೊಲೀಸ್ ಕಾರು ಬಂದರೆ ಅದು ಮುಂದೆ ಹೋಗುವವರೆಗೂ ಉಸಿರು ಬಿಡುತ್ತಿರಲಿಲ್ಲ. ಆಫೀಸಿನಲ್ಲಿ ಫೋನು ಬಡಿದರೆ ವಕೀಲರೇ ಇರಬೇಕು ಅನ್ನಿಸುತ್ತಿತ್ತು. ಅವರನ್ನೇ ಕೇಳಿಬಿಡಬಹುದಿತ್ತು. ಆದರೆ ಅವರು ಕಂಪನಿಯ ವಕೀಲರು. ನಾನು ಕೇಳಿದರೆ ಕಂಪನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಅರ್ಜಿ ನಿಲ್ಲಿಸುತ್ತಾರೆ, ನಿಂತರೆ ವೀಸಾ ಮುಗಿಯುತ್ತದೆ, ಮುಗಿದರೆ ಮಂಡ್ಯ. ಮಂಡ್ಯದಲ್ಲಿ ಅಪ್ಪನ ಅಂಗಡಿಗೆ ಬಂದವರೆಲ್ಲ, ಏನಂತೆ ಮಗಳು ವಾಪಸು ಬಂದ್ಲಂತೆ ಅನ್ನುತ್ತಾರೆ. ಅಪ್ಪ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತದೆ ಏನೋ ಒಂದು ಸುಳ್ಳು ಹೇಳುತ್ತಾರೆ. ಯೋಚನೆ ಪ್ರತಿ ಸಲವೂ ಇದೇ ದಾರಿ ಹಿಡಿದು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಫಾರಮ್ಮಿನ ಪೆನ್ಸಿಲ್ ಗುರುತನ್ನು ಅಳಿಸಿದೆ, ಮತ್ತೆ ಹಾಕಿದೆ, ಅಳಿಸಿದೆ. ಆ ಚೌಕದ ಹತ್ತಿರ ಕಾಗದ ತೆಳ್ಳಗಾಯಿತು. 'ಸಾಮಾನ್ಯ ಟ್ರಾಫಿಕ್ ತಪ್ಪುಗಳನ್ನು ಬಿಟ್ಟು' ಎಂದು ಸಣ್ಣ ಅಕ್ಷರದಲ್ಲಿತ್ತು. ನನ್ನದು ಸಾಮಾನ್ಯವೋ ಅಲ್ಲವೋ ಹೇಳುವವರು ಯಾರು?

ವಿಚಾರಣೆಗೆ ಒಂದು ವಾರವಿರುವಾಗ ಅತ್ತೆಮ್ಮನಿಗೆ ಪಾಠ ಶುರು ಮಾಡಿದೆ. ಅವರು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಮೂರೇ ಮಾತು ಅತ್ತೆಮ್ಮ. ಸೊಸೆಯ ತಂಗಿ ಜೊತೆ ಕಾರಲ್ಲಿ ಬಂದೆ. ಡಾಕ್ಟರ ಹತ್ರ ಒಳಗಿದ್ದೆ. ಹೊರಗೆ ಬರೋಕೆ ತಡ ಆಯ್ತು."

"ಬಂದೆ. ಒಳಗಿದ್ದೆ. ತಡ ಆಯ್ತು," ಅಂದರು ಅವರು. ಒಂದೊಂದು ಮಾತಿಗೂ ಒಂದೊಂದು ದಂಟು ಪಕ್ಕಕ್ಕೆ ಇಟ್ಟರು. "ತಪ್ಪೋದ್ರೆ ನಿನ್ನ ವಾಪಸ್ ಕಳಿಸ್ತಾರಾ?"

"ಕಳಿಸ್ಬಹುದು."

"ಹಂಗಾದ್ರೆ ತಪ್ಪಲ್ಲ ಬಿಡು."

ಹಿರಿಯರಿಗೆ ನಾನು ಪಾಠ ಹೇಳಿಕೊಟ್ಟದ್ದು ಬದುಕಿನಲ್ಲಿ ಎರಡೇ ಸಲ. ಮೊದಲನೆಯದು ಅಪ್ಪನ ಸೈನು. ಎರಡನೆಯದು ಇದು.

ವಿಚಾರಣೆಯ ದಿನ ನಗರದ ಕಚೇರಿಯ ಬಾಗಿಲಲ್ಲಿ ಭಾವ ನಮ್ಮಿಬ್ಬರನ್ನು ಇಳಿಸಿ ಪಾರ್ಕಿಂಗ್ ಹುಡುಕಿಕೊಂಡು ಹೋದರು. ಒಳಗೆ ಸಣ್ಣ ಕೋಣೆ. ಕರಿ ಕೋಟು ಯಾರೂ ಹಾಕಿರಲಿಲ್ಲ. ಸ್ವೆಟರು ತೊಟ್ಟ, ಹಣೆಯ ಮೇಲೆ ಕನ್ನಡಕ ಏರಿಸಿಕೊಂಡ ವಯಸ್ಸಾದ ಗಂಡಸೊಬ್ಬರು ಮೇಜಿನ ಹಿಂದೆ ಕೂತಿದ್ದರು. ನನಗೆ ಸಮಾಧಾನವೇನೂ ಆಗಲಿಲ್ಲ. ಕೋಟು ಇದ್ದಿದ್ದರೆ ಯಾವುದಕ್ಕೆ ಹೆದರಬೇಕು ಅಂತಾದರೂ ಗೊತ್ತಾಗುತ್ತಿತ್ತು. ಅತ್ತೆಮ್ಮನ ಭಾಷೆ ಯಾವುದೆಂದು ಕೇಳಿದರು. ಹೇಳಿದೆ. ಎಲ್ಲಿಗೋ ಫೋನು ಮಾಡಿದರು. ದುಭಾಷಿ ಸಿಗಲಿಲ್ಲ.

"ಇನ್ನೊಂದು ದಿನ ಬರ್ತೀರಾ, ಇಲ್ಲ ನೀವೇ ಅನುವಾದ ಮಾಡ್ತೀರಾ? ಅವರು ಹೇಳಿದ್ದನ್ನ ಹೇಳಿದ ಹಾಗೇ ಹೇಳ್ಬೇಕು," ಅಂದರು.

ಇನ್ನೊಂದು ದಿನ ಎಂದರೆ ಇನ್ನಷ್ಟು ವಾರಗಳು. ನಾನೇ ಮಾಡುತ್ತೇನೆ ಅಂದೆ. ಬಲಗೈ ಎತ್ತಿಸಿ ಸತ್ಯವನ್ನೇ ಹೇಳುತ್ತೇವೆಂದು ಇಬ್ಬರಿಂದಲೂ ಪ್ರಮಾಣ ಮಾಡಿಸಿದರು. ಅತ್ತೆಮ್ಮ ನನ್ನನ್ನು ನೋಡಿಕೊಂಡು ಕೈ ಎತ್ತಿದರು.

"ಆ ದಿನ ನಾಲ್ಕು ಗಂಟೆಗೆ ಇವರು ಎಲ್ಲಿದ್ದರು?"

ಕನ್ನಡದಲ್ಲಿ ಕೇಳಿದೆ. ಅತ್ತೆಮ್ಮ ನೆಟ್ಟಗೆ ಕೂತು ಸ್ಕೂಲು ಮಕ್ಕಳ ಹಾಗೆ ಒಪ್ಪಿಸಿದರು: "ಸೊಸೆ ತಂಗಿ ಜೊತೇಲಿ ಕಾರಲ್ಲಿ ಬಂದೆ. ಡಾಕ್ಟ್ರತ್ರ ಒಳಗಿದ್ದೆ. ಹೊರಗೆ ಬರೋಕೆ ತಡ ಆಯ್ತು."

ಅದನ್ನು ಇಂಗ್ಲಿಷಿನಲ್ಲಿ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಹಿಂದಿನವರು ಕಾಗದ ನೋಡಿಕೊಂಡು ಇನ್ನೊಂದು ಪ್ರಶ್ನೆ ಸೇರಿಸಿದರು. "ಯಾವ ಡಾಕ್ಟರು? ಏನಾದರೂ ಚೀಟಿ ಇದೆಯಾ?"

"ಏನಂತಾನೆ?" ಅಂದರು ಅತ್ತೆಮ್ಮ.

"ಯಾವ ಡಾಕ್ಟರು ಅಂತ ಕೇಳ್ತಿದ್ದಾರೆ."

ಇದು ಪಾಠದಲ್ಲಿ ಇರಲಿಲ್ಲ. ಅತ್ತೆಮ್ಮ ಗಾಬರಿಯಾಗಿ ನನ್ನ ಮುಖ ನೋಡಿದರು. ಆಸ್ಪತ್ರೆ ಬಾಗಿಲಲ್ಲಿ ಕಂಡ ಅದೇ ಮುಖ. ಆಮೇಲೆ ಮೆಲ್ಲಗೆ, ಮೇಜಿನ ಆಚೆಯವರಿಗೆ ಕನ್ನಡ ಅರ್ಥವಾಗುತ್ತದೇನೋ ಎಂಬಂತೆ ದನಿ ತಗ್ಗಿಸಿ ಅಂದರು: "ನೀನೇ ಏನಾರ ಹೇಳ್ಬುಡು ಮಗ. ನೀನು ಓದ್ದೋಳು. ನಿಂಗ್ಯಾವ್ದು ಒಳ್ಳೇದೋ ಅದನ್ನೇ ನಾನು ಹೇಳ್ದೆ ಅಂತ ಹೇಳು."

ಮೇಜಿನ ಆಚೆಯವರು ಪೆನ್ನು ಹಿಡಿದು ಕಾಯುತ್ತಿದ್ದರು.

ನನ್ನ ಓದಿನ ಬಗ್ಗೆ ಎಷ್ಟೋ ಜನ ಎಷ್ಟೋ ಒಳ್ಳೆಯ ಮಾತು ಹೇಳಿದ್ದಾರೆ. ಕೇಳಿ ಉಬ್ಬಿದ್ದೇನೆ. ಆ ಕೋಣೆಯಲ್ಲಿ ಆ ಮಾತು ಕೇಳಿ ತಲೆ ತಗ್ಗಿಸಿದೆ. ಒಂದು ಹೆಸರು ಹೇಳಿದರೆ ಸಾಕಿತ್ತು. ಅವರು ಬರೆದುಕೊಳ್ಳುತ್ತಿದ್ದರು. ಅವರು ಫೋನು ಮಾಡಿ ನೋಡಿದರೆ ಸುಳ್ಳು ಹೇಳಿದವರು ಅತ್ತೆಮ್ಮ ಎಂದಾಗುತ್ತಿತ್ತು, ನಾನಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಿದವರ ಕಾರ್ಡು ಎಂದಾದರೂ ವಾಪಸು ಕೊಡುತ್ತಾರಾ?

"ಅವರು ಮನೆಯಲ್ಲಿದ್ದರು," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದೆ. "ಮಿಲ್ಪಿಟಾಸಿನಲ್ಲಿ, ಮೊಮ್ಮಗಳ ಜೊತೆ. ಕಾರ್ಡು ನಾನು ತಂದೆ. ಅವರನ್ನು ಕೇಳದೆ."

ಅವರು ಕನ್ನಡಕ ಇಳಿಸಿ ನೋಡಿದರು. "ಈಗ ಇವರು ಅದನ್ನೇ ಹೇಳಿದರಾ?"

"ಇಲ್ಲ. ಇದು ನಾನು ಹೇಳ್ತಿರೋದು. ಇವರ ಹತ್ತಿರ ನಾನು ಬೇರೆ ಹೇಳಿಸಿದ್ದೆ."

ಅವರು ಬಹಳ ಹೊತ್ತು ಬರೆದರು. ದಂಡ ಹಾಗೇ ಉಳಿಯಿತು. ಅತ್ತೆಮ್ಮನ ಕಡೆ ತಿರುಗಿ, ಇವರ ತಪ್ಪು ಇದರಲ್ಲಿಲ್ಲ, ಡಾಕ್ಟರ ಸೈನು ತಂದರೆ ಹೊಸ ಕಾರ್ಡು ಕೇಳಬಹುದು ಅಂದರು. ಎದ್ದು ನಿಂತ ಮೇಲೆ ನಾನು ಕೇಳಿದೆ, "ಇದು ದಾಖಲೆಯಲ್ಲಿ ಇರುತ್ತಾ?"

"ಯಾರು ಕೇಳುತ್ತಾರೆ ಅನ್ನುವುದರ ಮೇಲೆ," ಅಂದರು.

ಆ ಉತ್ತರದ ಜೊತೆ ನಾನು ಆಮೇಲೆ ವರ್ಷಗಟ್ಟಲೆ ಬದುಕಿದೆ.

ಹೊರಗೆ ಬೆಂಚಿನಲ್ಲಿ ಭಾವನಿಗೆ ಕಾಯುವಾಗ ಅತ್ತೆಮ್ಮ, "ನಾನು ಸರಿಯಾಗ್ ಹೇಳ್ದ್ನಾ?" ಎಂದು ಕೇಳಿದರು.

"ಸರಿಯಾಗೇ ಹೇಳಿದ್ರಿ. ನೀವು ಮನೇಲಿದ್ರಿ ಅಂತ ನಾನೇ ಹೇಳ್ಬಿಟ್ಟೆ."

ಅವರು ವಾಕರನ್ನು ಹತ್ತಿರಕ್ಕೆ ಎಳೆದುಕೊಂಡರು. "ಅದಾ. ಅಂಗಾದ್ರೆ ನಂಗೆ ಸುಮ್ನೆ ಉರು ಹೊಡೆಸ್ದೆ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಕುಂಕುಮದ್ದು ತಪ್ಪಲ್ಲ ತಾನೇ?"

"ಅಲ್ಲ ಅತ್ತೆಮ್ಮ. ನನ್ನದು." ಎರಡು ತಿಂಗಳ ಹಿಂದೆ ಹೇಳಬೇಕಾಗಿದ್ದ ಮಾತು.

ಭಾವ ವಾರವಿಡೀ ನನ್ನ ಜೊತೆ ಮಾತಾಡಲಿಲ್ಲ. ನಾನು 'ಹೌದು' ಚೌಕದಲ್ಲಿ ಪೆನ್ನಿನಿಂದ ಗುರುತು ಹಾಕಿ, ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಫಾರಮ್ಮಿನ ಜೊತೆ ಕಳಿಸಿದೆ. ವಕೀಲರು ಫೋನು ಮಾಡಿ, "ಓದಿದೆ, ನೋಡೋಣ," ಎಂದಷ್ಟೇ ಹೇಳಿ ಇಟ್ಟರು. ವಸಂತ ಬರುವ ಹೊತ್ತಿಗೆ ಕಂಪನಿಯೇ ಮುಚ್ಚಿತು. ಗೋದಾಮಿನ ಮೂರನೇ ಮಹಡಿಯ ಕುರ್ಚಿಗಳನ್ನು ಬೀದಿಯಲ್ಲಿಟ್ಟು ಮಾರಿದರು. ಕಂಪನಿ ಇಲ್ಲದ ಮೇಲೆ ಅದರ ಹೆಸರಲ್ಲಿದ್ದ ನನ್ನ ಅರ್ಜಿಯೂ ಬಿತ್ತು. ಮಿಲ್ಪಿಟಾಸಿನಲ್ಲೇ ಸರ್ಕ್ಯೂಟ್ ಬೋರ್ಡು ಪರೀಕ್ಷೆ ಮಾಡುವ ಕೆಲಸ ಹಿಡಿದು ಎಲ್ಲ ಮೊದಲಿನಿಂದ ಶುರು ಮಾಡಿದೆ. ಅದೇ ಫಾರಂ, ಅದೇ ಮೂರನೇ ಪುಟ, ಅದೇ ಚೌಕ, ಅದೇ ಹಾಳೆ. ಎಷ್ಟೋ ವರ್ಷದ ಮೇಲೆ ಒಬ್ಬ ಅಧಿಕಾರಿ ನನ್ನೆದುರು ಕೂತು ಆ ಹಾಳೆ ಓದಿದ. ಅವನು ಓದಿ ಮುಗಿಸಿ ಪುಟ ತಿರುಗಿಸುವವರೆಗೂ ನಾನು ಮನಸ್ಸಿನಲ್ಲಿ ಮತ್ತೆ ಆ ಬೀದಿಯ ಗಾಜಿನ ಬಾಗಿಲನ್ನೇ ನೋಡುತ್ತಾ ನಿಂತಿದ್ದೆ. ಅವನು ಏನೂ ಕೇಳಲಿಲ್ಲ.

ಅತ್ತೆಮ್ಮನ ಹೊಸ ಕಾರ್ಡು ಅದಕ್ಕಿಂತ ಬಹಳ ಮೊದಲೇ ಬಂದಿತು, ವಿಚಾರಣೆಯಾದ ಮೂರನೇ ತಿಂಗಳು. ಭಾವ ಅದನ್ನು ವ್ಯಾನಿನ ಕನ್ನಡಿಗೆ ಹಾಕಲು ಎತ್ತಿಕೊಂಡಾಗ ಅವರು ಕೈ ಚಾಚಿದರು. ಚೀಟಿಯ ಜೊತೆ ಕಾರ್ಡನ್ನೂ ತಮ್ಮ ಎಲೆ ಅಡಿಕೆ ಸಂಚಿಗೆ ಸೇರಿಸಿದರು. ಕೊಕ್ಕೆಯ ಭಾಗ ಸ್ವಲ್ಪ ಹೊರಗೆ ಇಣುಕುತ್ತಿತ್ತು. ಆಮೇಲೆ ಯಾರ ಜೊತೆ ಹೊರಟರೂ ಅದೇ ಕ್ರಮ. ಮೊದಲು ಅವರು ಹತ್ತಿ ಕೂರಬೇಕು, ಬೆಲ್ಟು ಹಾಕಿಸಿಕೊಳ್ಳಬೇಕು, ವಾಕರು ಹಿಂದೆ ಇಟ್ಟದ್ದನ್ನು ತಿರುಗಿ ನೋಡಬೇಕು. ಆಮೇಲೆ ಸಂಚಿ ಬಿಚ್ಚಿ, "ಕೂತಿವ್ನಿ, ತಗೋ," ಎಂದು ಕಾರ್ಡು ಕೊಡುವರು. ಇಳಿಯುವ ಮೊದಲು ವಾಪಸು ಕೇಳುವರು.

ಮುಂದಿನ ಆಯುಧಪೂಜೆಯ ದಿನವೂ ಅದನ್ನು ಹೊರಗೆ ತೆಗೆದರು. ತಟ್ಟೆಯ ಮೇಲಿಟ್ಟು ಕುಂಕುಮವನ್ನು ತಟ್ಟೆಗೇ ಇಟ್ಟರು. ನನ್ನನ್ನು ಕರೆದು, "ಅಂಕೆ ಕಾಣ್ತದಾ ನೋಡು," ಅಂದರು.

ಬಗ್ಗಿ ನೋಡಿದೆ. ಕಾಣುತ್ತಿತ್ತು.